ಕೈಕಲಿಕೆಯ ಪರಂಪರೆ ಮತ್ತು ಸಣ್ಣ ಹಿಡುವಳಿಯ ಬದುಕು: ತುತ್ತ-ಸುಣ್ಣದಿಂದ ಕ್ಷೇತ್ರ ಪಾಠಶಾಲೆಯವರೆಗೆ

ಪೀಠಿಕೆ

ಕೃಷಿಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಭೂಕಂದಾಯ, ನೀರಾವರಿ, ತಳಿ, ಗೊಬ್ಬರ ಹಾಗೂ ಮಾರುಕಟ್ಟೆಗಳನ್ನು ಕೇಂದ್ರವಾಗಿರಿಸಿಕೊಂಡಿದ್ದಾರೆ. ಒಂದು ಹೊಸ ವಿಧಾನವು ರೈತನ ಕೈಗೆ ಯಾವ ದಾರಿಯಲ್ಲಿ ಬಂದಿತು, ಬಂದದ್ದು ಆ ಕೈಯಲ್ಲಿ ಉಳಿಯಿತೇ, ಉಳಿದುದಾದರೆ ಅದನ್ನು ಉಳಿಸಿದವರು ಯಾರು ಎಂಬ ಪ್ರಶ್ನೆಗಳು ಈ ಬರವಣಿಗೆಯ ಅಂಚಿನಲ್ಲಿಯೇ ನಿಂತಿವೆ. ಕಲಿಕೆಯು ಜಾನಪದ ಅಧ್ಯಯನದ ಮೂಲಭೂತ ವಿಷಯಗಳಲ್ಲಿ ಒಂದಾದ್ದರಿಂದ ಈ ಪ್ರಶ್ನೆಗಳನ್ನು ಆ ಶಿಸ್ತಿನ ನೆಲೆಯಿಂದ ಪರಿಶೀಲಿಸುವುದು ಅಗತ್ಯವಾಗಿದೆ.

2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಕರ್ನಾಟಕದಲ್ಲಿ ಅದು 1.36 ಹೆಕ್ಟೇರ್. ದೇಶದ ಒಟ್ಟು ಹಿಡುವಳಿಗಳಲ್ಲಿ ನೂರಕ್ಕೆ 86ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಇಷ್ಟು ಕಡಿಮೆ ನೆಲವುಳ್ಳ ಕುಟುಂಬಕ್ಕೆ ಹೊಸತೊಂದನ್ನು ಪರೀಕ್ಷಿಸಿ ಸೋಲುವ ಅವಕಾಶವೇ ಇರುವುದಿಲ್ಲ. ಒಂದು ಹಂಗಾಮಿನ ತಪ್ಪು ಸಾಲವಾಗಿ ಮುಂದಿನ ಮೂರು ನಾಲ್ಕು ಹಂಗಾಮುಗಳನ್ನು ನುಂಗುತ್ತದೆ. ಆದುದರಿಂದ ಸಣ್ಣ ರೈತನಿಗೆ ಕಲಿಕೆಯೆಂದರೆ ಮಾಹಿತಿಯನ್ನು ಪಡೆಯುವುದಷ್ಟೇ ಆಗಿರದೆ, ಅಪಾಯವನ್ನು ಹಂಚಿಕೊಳ್ಳುವ ಕ್ರಮವೂ ಆಗಿದೆ. ಗುಂಪಿನಲ್ಲಿ, ಕೈಯಾರೆ ಮಾಡುತ್ತ ಕಲಿಯುವ ವಿಧಾನವು ಇಂತಹ ರೈತರ ಬದುಕಿಗೆ ಹೇಗೆ ನೆರವಾಗಿದೆ, ಎಲ್ಲಿ ನೆರವಾಗಿಲ್ಲ ಎಂಬುದನ್ನು ಮೈಸೂರು ಸಂಸ್ಥಾನದ ಅಡಿಕೆ ತೋಟಗಳು, ಇಂಡೋನೇಷ್ಯಾದ ಭತ್ತದ ಗದ್ದೆಗಳು ಹಾಗೂ ದಖ್ಖನ್ನಿನ ಹತ್ತಿ ಹೊಲಗಳ ಇತಿಹಾಸದ ಮೂಲಕ ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಜನಪದ ಕಲಿಕೆಯ ಸ್ವರೂಪ

ಕರ್ನಾಟಕದ ಕೃಷಿಕ ಸಮುದಾಯಗಳಲ್ಲಿ ಕಲಿಕೆಗೆಂದು ಪ್ರತ್ಯೇಕವಾದ ಸ್ಥಳವಾಗಲಿ ವೇಳೆಯಾಗಲಿ ಇರಲಿಲ್ಲ. ಕೆಲಸವೇ ಪಾಠ, ಕೆಲಸದ ಗುಂಪೇ ಶಾಲೆ. ಮುಯ್ಯಾಳಿನ ಪದ್ಧತಿ ಇದಕ್ಕೆ ಉತ್ತಮ ನಿದರ್ಶನ. ಒಂದು ಮನೆಯವರು ಮತ್ತೊಂದು ಮನೆಯ ನಾಟಿಗೋ ಕುಯಿಲಿಗೋ ಹೋಗಿ ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ಹಿಂದಕ್ಕೆ ಪಡೆಯುವ ಈ ವ್ಯವಸ್ಥೆಯನ್ನು ವಿದ್ವಾಂಸರು ಶ್ರಮ ವಿನಿಮಯವೆಂದು ವರ್ಣಿಸಿದ್ದಾರೆ. ಅದು ಜ್ಞಾನ ವಿನಿಮಯವೂ ಆಗಿತ್ತು. ಮುಯ್ಯಿಗೆ ಹೋದವರು ಇತರರ ಹೊಲದ ಮಣ್ಣು, ತಳಿ, ಸಾಲಿನ ಅಂತರ ಹಾಗೂ ಕಳೆಯ ಸ್ಥಿತಿಯನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಬರುತ್ತಿದ್ದರು. ಒಬ್ಬನ ಹೊಲದ ಸೋಲು ಹತ್ತು ಮನೆಗಳ ಪಾಠವಾಗುತ್ತಿತ್ತು.

ಕೂರಿಗೆಯ ಬಿತ್ತನೆಯನ್ನು ಗಮನಿಸಿದರೆ ಈ ಕಲಿಕೆಯ ಸೂಕ್ಷ್ಮತೆ ಅರಿವಾಗುತ್ತದೆ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಕೆಲಸ ಅನೇಕ ಕಡೆಗಳಲ್ಲಿ ಹೆಂಗಸರದು. ಎತ್ತಿನ ನಡಿಗೆಗೆ ಹೊಂದುವಂತೆ ಮುಷ್ಟಿಯಿಂದ ಬೀಜವನ್ನು ಹದವಾಗಿ ಬಿಡುವುದು ಅಳತೆಗೆ ಸಿಗುವ ಕೌಶಲವಲ್ಲ. ಕೈ ಬಿಗಿಯಾದರೆ ಸಾಲು ತೆಳುವಾಗುತ್ತದೆ, ಸಡಿಲವಾದರೆ ಬೀಜ ವ್ಯರ್ಥವಾಗುತ್ತದೆ. ಇದನ್ನು ಹೇಳಿಕೊಡುವವರಿಲ್ಲ, ತಾಯಿಯ ಜೊತೆ ಸಾಲಿನಲ್ಲಿ ನಡೆದ ಮಗಳು, ಅತ್ತೆಯ ಜೊತೆ ನಡೆದ ಸೊಸೆ ಅದನ್ನು ಕೈಗೆ ತಂದುಕೊಳ್ಳುತ್ತಾರೆ. ಹತ್ತು ಹದಿನೈದು ದಿನಗಳಲ್ಲಿ ಮೊಳಕೆಯೇ ತಪ್ಪನ್ನು ಊರಿನ ಮುಂದೆ ತೋರಿಸುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವುದು, ಮಳೆ ನಕ್ಷತ್ರಗಳನ್ನು ಅನುಸರಿಸಿ ಬಿತ್ತನೆಯನ್ನು ಹಿಂದು ಮುಂದು ಮಾಡುವುದು, ಕಣದಲ್ಲಿ ಕಾಳು ತೂರುವುದು ಇವೆಲ್ಲವೂ ಇದೇ ರೀತಿಯ ಕಲಿಕೆಗಳು.

ಈ ಕಲಿಕೆಯಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ. ಮೊದಲನೆಯದು ಸಂದರ್ಭ: ಕಲಿಯುವ ಅವಕಾಶ ಪ್ರತಿವರ್ಷ ಅದೇ ಮಳೆಯಲ್ಲಿ ಮರಳಿ ಬರುತ್ತದೆ. ಎರಡನೆಯದು ಗುಂಪು: ಮಾಡಿದ್ದನ್ನು ನೋಡುವ, ತಿದ್ದುವ, ನಗುವ ಜನ ಅಲ್ಲಿಯೇ ಇರುತ್ತಾರೆ. ಮೂರನೆಯದು ವಾಹಕ: ಕೌಶಲವನ್ನು ಒಂದು ಹೊಲದಿಂದ ಇನ್ನೊಂದಕ್ಕೆ, ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಒಯ್ಯುವ ವ್ಯಕ್ತಿ ಇರುತ್ತಾನೆ ಅಥವಾ ಇರುತ್ತಾಳೆ. ಹಾಡು, ಕಥೆ, ಕುಣಿತಗಳ ಪ್ರಸರಣವನ್ನು ಅಭ್ಯಾಸ ಮಾಡುವಾಗ ಜಾನಪದ ವಿದ್ವಾಂಸರು ಈ ಮೂರನ್ನೂ ಗುರುತಿಸುತ್ತಾರೆ. ಕೃಷಿ ತರಬೇತಿಯ ಇತಿಹಾಸವನ್ನು ಇವೇ ಅಳತೆಗೋಲುಗಳಿಂದ ಪರೀಕ್ಷಿಸಬಹುದಾಗಿದೆ.

ಕೊಳೆರೋಗ ಮತ್ತು ತುತ್ತ-ಸುಣ್ಣ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿ ಸಂಶೋಧನೆಯ ಆರಂಭವನ್ನು 1899ರಿಂದ ಗುರುತಿಸಲಾಗುತ್ತದೆ. ಆ ವರ್ಷ ರೀಜೆಂಟ್ ಆಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಾಯೋಗಿಕ ಕೃಷಿ ಕ್ಷೇತ್ರಕ್ಕಾಗಿ ನೀಡಿದರು. ರಸಾಯನಶಾಸ್ತ್ರಜ್ಞ ಲೇಮನ್ ಅವರ ನೇತೃತ್ವದಲ್ಲಿ ಆರಂಭವಾದ ಈ ಕಾರ್ಯವನ್ನು ಕೆನಡಾ ದೇಶದ ಲೆಸ್ಲಿ ಸಿ. ಕೋಲ್ಮನ್ ಮುಂದುವರಿಸಿದರು. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೋಲ್ಮನ್ ಸಸ್ಯರೋಗ ಹಾಗೂ ಕೀಟಗಳ ತಜ್ಞರು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಆರಂಭವಾದದ್ದೂ ಅದೇ ವರ್ಷ. ಅವರ ಆರಂಭದ ಕಾರ್ಯಗಳಲ್ಲಿ ಬಹು ಮುಖ್ಯವಾದುದು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಕುರಿತದ್ದು. ಆ ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು.

ಕೊಳೆರೋಗವು ಮುಂಗಾರಿನ ಮಳೆ ಹಿಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ತುಂಬಿದಂತಹ ಕಲೆ ಮೂಡಿ, ಕಾಯಿ ಹಸಿರಾಗಿರುವಾಗಲೇ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿಯ ಬೂಸ್ಟು ಹರಡುತ್ತದೆ. ಮಳೆ ಬಿಡದೆ ಸುರಿದ ವರ್ಷ ಕೆಲವೇ ವಾರಗಳಲ್ಲಿ ತೋಟದ ಬೆಳೆಯ ಬಹುಭಾಗ ನೆಲಕ್ಕೆ ಬೀಳಬಹುದು. ಅಡಿಕೆಯ ಮಾರಾಟದಿಂದಲೇ ವರ್ಷದ ಅಕ್ಕಿ, ಬಟ್ಟೆ ಹಾಗೂ ಸಾಲದ ಬಡ್ಡಿಗಳನ್ನು ಹೊಂದಿಸಿಕೊಳ್ಳಬೇಕಾದ ಸಣ್ಣ ತೋಟಿಗರಿಗೆ ಇದು ಜೀವನದ ಪ್ರಶ್ನೆಯೇ ಆಗಿತ್ತು.

ಈ ರೋಗಕ್ಕೆ ಮಲೆನಾಡಿನವರಲ್ಲಿ ತಮ್ಮದೇ ಆದ ಉಪಾಯವೊಂದಿತ್ತು. ಕರಡದ ಹುಲ್ಲು ಹಾಗೂ ಅಡಿಕೆಯ ಹಾಳೆಯಿಂದ ಕೊಟ್ಟೆಗಳನ್ನು ಹೆಣೆದು, ಮಳೆಗಾಲಕ್ಕೆ ಮೊದಲು ಒಂದೊಂದು ಕೊನೆಗೂ ಕಟ್ಟುವುದು ಆ ಪದ್ಧತಿ. ಮಳೆಯ ನೀರು ಕೊನೆಯನ್ನು ತಾಗದಂತೆ ತಡೆಯುವುದೇ ಅದರ ತತ್ತ್ವ. ರೋಗವು ನೀರಿನೊಡನೆ ಹರಡುತ್ತದೆಂಬ ತಿಳಿವಳಿಕೆ ಈ ಉಪಾಯದಲ್ಲಿ ಅಡಗಿದೆ. ಶಿಲೀಂಧ್ರದ ಹೆಸರು ಗೊತ್ತಿಲ್ಲದ ಕಾಲದಲ್ಲಿಯೇ ಅದರ ಚಲನೆಯ ಮಾರ್ಗವನ್ನು ಜನಪದರು ಸರಿಯಾಗಿ ಗ್ರಹಿಸಿದ್ದರು ಎಂಬುದು ಗಮನಾರ್ಹ. ಆದರೆ ಕೊಟ್ಟೆಗೆ ಬೇಕಾಗುವ ಹುಲ್ಲು ಮತ್ತು ಆಳುಗಳ ಪ್ರಮಾಣ ದೊಡ್ಡದು. ಮರಕ್ಕೆ ಎರಡು ಮೂರು ಕೊನೆಗಳಂತೆ ಲೆಕ್ಕ ಹಾಕಿದರೂ ನೂರು ಮರಗಳ ತೋಟಕ್ಕೆ ನೂರಾರು ಕೊಟ್ಟೆಗಳನ್ನು ಬೇಸಿಗೆಯಲ್ಲಿ ಹೆಣೆದು ಮುಗಿಸಬೇಕಾಗಿತ್ತು.

ಕೋಲ್ಮನ್ ಶಿಫಾರಸು ಮಾಡಿದ್ದು ಬೋರ್ಡೋ ದ್ರಾವಣದ ಸಿಂಪರಣೆಯನ್ನು. 1885ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಬಳಕೆಗೆ ತಂದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವಿದು. ಮಲೆನಾಡಿನ ಮಳೆಗೆ ಅದು ತೊಳೆದುಹೋಗದಂತೆ ಅಂಟಿಗಾಗಿ ರಾಳ ಹಾಗೂ ಸೋಡಾಗಳನ್ನು ಸೇರಿಸಲಾಯಿತು. ತೋಟಿಗರ ಬಾಯಲ್ಲಿ ಈ ಫ್ರೆಂಚ್ ಔಷಧಿ ಬೇಗನೆ 'ತುತ್ತ-ಸುಣ್ಣ'ವಾಯಿತು. ಅದನ್ನು ಸಿಂಪಡಿಸುವುದು ಮಲೆನಾಡಿನಲ್ಲಿ 'ಮದ್ದು ಹೊಡೆಯುವುದು', ಕರಾವಳಿಯಲ್ಲಿ 'ಮದ್ದು ಬಿಡುವುದು' ಎಂದಾಯಿತು. ಹೊರಗಿನಿಂದ ಬಂದ ವಸ್ತುವೊಂದು ಸ್ಥಳೀಯ ಹೆಸರನ್ನು ಪಡೆಯುವುದು ಅದು ಬಳಕೆಯಲ್ಲಿ ನೆಲೆಗೊಂಡುದರ ಲಕ್ಷಣ.

ಈ ದ್ರಾವಣದ ತಯಾರಿಕೆಯನ್ನು ಬರಹದಿಂದ ಕಲಿಯುವುದು ಕಷ್ಟ. ಇಂದಿನ ಅಳತೆಯಲ್ಲಿ ಹೇಳುವುದಾದರೆ ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಗೂ 100 ಲೀಟರ್ ನೀರು ಬೇಕು. ತುತ್ತವನ್ನು ಒಂದು ಪಾತ್ರೆಯಲ್ಲಿ ಕರಗಿಸಬೇಕು. ಸುಟ್ಟ ಸುಣ್ಣವನ್ನು ಇನ್ನೊಂದರಲ್ಲಿ ಅರಳಿಸಿ ತಣಿಸಿ ಸೋಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ತುತ್ತವು ಕಬ್ಬಿಣವನ್ನು ತಿನ್ನುವುದರಿಂದ ಕಬ್ಬಿಣದ ಪಾತ್ರೆ ಸಲ್ಲದು. ಸಿದ್ಧವಾದ ದ್ರಾವಣ ಆಕಾಶನೀಲಿ ಬಣ್ಣದಲ್ಲಿರಬೇಕು. ಅದರ ಹದವನ್ನು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ಕ್ಷಣಕಾಲ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಮೂಡಿದರೆ ಸುಣ್ಣ ಸಾಲದೆಂದು ಅರ್ಥ. ಸಾಲದ ದ್ರಾವಣವನ್ನು ಹೊಡೆದರೆ ಎಳೆಗಾಯಿ ಸುಡುತ್ತದೆ. ಮಾಡಿದ ದಿನವೇ ಅದನ್ನು ಬಳಸಿ ಮುಗಿಸಬೇಕು. ಬಣ್ಣವನ್ನು ನೋಡುವ ಕಣ್ಣು, ಕದಡುವ ಕೈ ಹಾಗೂ ಅಲಗನ್ನು ಓದುವ ಅನುಭವ ಇವು ಒಮ್ಮೆ ಜೊತೆಗೆ ನಿಂತು ಮಾಡಿದವರಿಗಷ್ಟೇ ಬರುತ್ತವೆ.

ಸಿಂಪರಣೆಯೂ ಒಬ್ಬನ ಕೆಲಸವಲ್ಲ. ದ್ರಾವಣ ಕದಡುವವನೊಬ್ಬ, ನೀರು ಹೊರುವವನೊಬ್ಬ, ನೆಲದಲ್ಲಿ ಪಂಪು ಒತ್ತುವವನೊಬ್ಬ, ಮರದ ತುದಿಯಲ್ಲಿ ಕೊಳವೆ ಹಿಡಿದು ಕೊನೆಗೆ ಮದ್ದು ಹೊಡೆಯುವವನೊಬ್ಬ ಹೀಗೆ ಅದೊಂದು ಗುಂಪು. ಇವರಲ್ಲಿ ಮರವೇರುವವನ ಪಾತ್ರವೇ ನಿರ್ಣಾಯಕ. ಶಿರಸಿ-ಸಾಗರಗಳ ಸೀಮೆಯಲ್ಲಿ ಕೊನೆಗೌಡನೆಂದು ಕರೆಯಿಸಿಕೊಳ್ಳುವ ಈ ಕುಶಲಿಯು ಕೊಟ್ಟೆ ಕಟ್ಟುವ, ಕೊನೆ ಇಳಿಸುವ ಕೆಲಸಗಳಲ್ಲಿ ಮೊದಲೇ ನುರಿತವನು. ಕಾಲಿಗೆ ತಳೆ ಹಾಕಿ ಏರುವುದು, ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಬಾಗಿ ದಾಟುವುದು, ಗಾಳಿಯ ದಿಕ್ಕನ್ನು ಅರಿಯುವುದು ಅವನ ಪರಂಪರೆಯ ವಿದ್ಯೆಗಳು. ಪ್ರಯೋಗಾಲಯದ ದ್ರಾವಣವು ಕೊನೆಯನ್ನು ಮುಟ್ಟಿದ್ದು ಈ ವಿದ್ಯೆಯ ಹೆಗಲೇರಿ.

ತುತ್ತ-ಸುಣ್ಣದ ಬಳಕೆ ನೂರು ವರ್ಷಗಳನ್ನು ದಾಟಿ ಉಳಿದುದಕ್ಕೆ ಅದರ ರಾಸಾಯನಿಕ ಗುಣ ಒಂದು ಕಾರಣ. ಮೇಲೆ ಹೇಳಿದ ಮೂರೂ ಅಂಶಗಳು ಅದಕ್ಕೆ ಒದಗಿಬಂದುದು ಮತ್ತೊಂದು ಕಾರಣವೆಂದು ಭಾವಿಸಬಹುದು. ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು 40-45 ದಿನಗಳ ಅನಂತರ ಇನ್ನೊಮ್ಮೆ ಸಿಂಪರಣೆ ನಡೆಯುವುದರಿಂದ ಅದಕ್ಕೆ ವಾರ್ಷಿಕ ಸಂದರ್ಭ ದೊರೆಯಿತು. ಕೆಲಸದ ಗುಂಪು ಕಲಿಕೆಯ ಗುಂಪಾಯಿತು. ಒಂದೇ ಹಂಗಾಮಿನಲ್ಲಿ ಹತ್ತಾರು ತೋಟಗಳನ್ನು ಸುತ್ತುವ ಕೊನೆಗೌಡ ವಾಹಕನಾದ. ಎಕರೆಗಟ್ಟಲೆ ತೋಟವುಳ್ಳವನ ಹದವೂ ಹತ್ತು ಗುಂಟೆಯವನ ಹದವೂ ಒಂದೇ ಆದದ್ದು ಇದರಿಂದ. ಆದರೆ ಇಲಾಖೆಯ ವರದಿಗಳಲ್ಲಿ ವಿಜ್ಞಾನಿಯ ಹೆಸರು ಉಳಿಯಿತು, ಮರವೇರಿದವರ ಹೆಸರುಗಳು ಉಳಿಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮರವೇರುವವರ ಕೊರತೆ ತೀವ್ರವಾಗಿ, ಯುವಕರಿಗೆ ಮರ ಹತ್ತುವ ತರಬೇತಿ ಶಿಬಿರಗಳನ್ನು ನಡೆಸಬೇಕಾಗಿ ಬಂದಾಗ ಆ ಮೌನದ ಬೆಲೆ ಏನೆಂಬುದು ತಿಳಿಯಿತು.

ಸಂದೇಶದ ಕಾಲ

ಸ್ವಾತಂತ್ರ್ಯಾನಂತರ ಕೃಷಿ ವಿಸ್ತರಣೆಯು ರಾಷ್ಟ್ರೀಯ ಕಾರ್ಯಕ್ರಮವಾಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ ಗ್ರಾಮಸೇವಕ ಎಂಬ ಹೊಸ ಪಾತ್ರಧಾರಿ ಹಳ್ಳಿಗೆ ಬಂದ. 1960ರ ದಶಕದಲ್ಲಿ ಮಂಡ್ಯ ಜಿಲ್ಲೆಯು ಸಾಂದ್ರ ಬೇಸಾಯ ಯೋಜನೆಗೆ ಆಯ್ಕೆಯಾಯಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ರೈತರ ಹೊಲಗಳಲ್ಲಿಯೇ ಹೊಸ ತಳಿಗಳನ್ನು ಬೆಳೆದು ತೋರಿಸುವ ರಾಷ್ಟ್ರೀಯ ಪ್ರಾತ್ಯಕ್ಷಿಕೆಗಳು ಆ ದಶಕದ ಮಧ್ಯಭಾಗದಲ್ಲಿ ಆರಂಭವಾದವು. ಆಹಾರದ ತೀವ್ರ ಅಭಾವದ ಆ ವರ್ಷಗಳಲ್ಲಿ ಈ ಪ್ರಾತ್ಯಕ್ಷಿಕೆಗಳ ಪ್ರಯೋಜನವನ್ನು ಅಲ್ಲಗಳೆಯಲಾಗದು.

1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ 'ತರಬೇತಿ ಮತ್ತು ಭೇಟಿ' ಪದ್ಧತಿ ಭಾರತದ ರಾಜ್ಯಗಳಿಗೆ ಕಾಲಿಟ್ಟಿತು. ಇಸ್ರೇಲಿನ ಡೇನಿಯಲ್ ಬೆನೋರ್ ರೂಪಿಸಿದ ಈ ಪದ್ಧತಿಯಲ್ಲಿ ವಿಜ್ಞಾನಿಯಿಂದ ಅಧಿಕಾರಿಗೆ, ಅಧಿಕಾರಿಯಿಂದ ಗ್ರಾಮ ಮಟ್ಟದ ಸಹಾಯಕನಿಗೆ, ಅವನಿಂದ 'ಸಂಪರ್ಕ ರೈತ'ನಿಗೆ, ಸಂಪರ್ಕ ರೈತನಿಂದ ಉಳಿದವರಿಗೆ ಸಂದೇಶ ಇಳಿಯಬೇಕಾಗಿತ್ತು. ಹದಿನೈದು ದಿನಗಳಿಗೊಮ್ಮೆ ಗೊತ್ತಾದ ವಾರದಂದು ಸಹಾಯಕನು ಹಳ್ಳಿಗೆ ಬರುತ್ತಿದ್ದ. ಶಿಸ್ತಿನ ದೃಷ್ಟಿಯಿಂದ ಇದು ಮೆಚ್ಚತಕ್ಕ ಏರ್ಪಾಡು. ಆದರೆ ಸಂಪರ್ಕ ರೈತರಾಗಿ ಆಯ್ಕೆಯಾಗುತ್ತಿದ್ದವರು ಹೆಚ್ಚಾಗಿ ನೀರಾವರಿಯುಳ್ಳ, ಓದು ಬಲ್ಲ, ಪುರುಷ ರೈತರು. ಅವರ ಅನುಕೂಲಕ್ಕೆ ಹೊಂದಿದ ಸಲಹೆಯು ಮಳೆಯನ್ನೇ ನಂಬಿದ ಎರಡೆಕರೆಯವನಿಗೆ ಹೊಂದಬೇಕೆಂದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಜ್ಞಾನವು ಮಾತಾಗಿ ಚಲಿಸುತ್ತಿತ್ತೇ ಹೊರತು ಕೆಲಸವಾಗಿ ಚಲಿಸುತ್ತಿರಲಿಲ್ಲ. ಬೀಜ, ಗೊಬ್ಬರಗಳ ಪ್ರಮಾಣವನ್ನು ಹೇಳಲು ಮಾತು ಸಾಕಾಗಬಹುದು. ಬೆಳೆಯಲ್ಲಿ ಯಾವ ಹುಳು ಶತ್ರು, ಯಾವುದು ಮಿತ್ರ ಎಂಬ ವಿವೇಚನೆಯನ್ನು ಮಾತಿನಲ್ಲಿ ಕೊಟ್ಟು ಕಳುಹಿಸಲಾಗದು.

ಇದೇ ಅವಧಿಯಲ್ಲಿ ಭಿನ್ನವಾದ ಚಿಂತನೆಯೂ ನಡೆದಿತ್ತು. ಮೋಹನ್ ಸಿಂಗ್ ಮೆಹ್ತಾ ಸಮಿತಿಯ ಶಿಫಾರಸಿನ ಮೇರೆಗೆ 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಆರಂಭವಾಯಿತು. ಮಾಡುತ್ತ ಕಲಿಯುವುದೇ ಅದರ ಮೂಲತತ್ತ್ವ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯೂ ಸೇರಿದಂತೆ ಕರ್ನಾಟಕದಲ್ಲಿಯೂ ಇಂತಹ ಕೇಂದ್ರಗಳು ತಲೆಯೆತ್ತಿದವು. ಆದರೂ ಇವುಗಳಲ್ಲಿ ರೈತನು ಕೇಂದ್ರಕ್ಕೆ ಬಂದು ಕೆಲವು ದಿನ ಕಲಿತು ಹೋಗಬೇಕಾಗಿತ್ತು. ಪಾಠವೇ ಹೊಲಕ್ಕೆ ಹೋಗಿ, ಬಿತ್ತನೆಯಿಂದ ಕುಯಿಲಿನವರೆಗೆ ಅಲ್ಲಿಯೇ ನಿಲ್ಲುವ ಪ್ರಯೋಗವು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಇಂಡೋನೇಷ್ಯಾದಲ್ಲಿ. ಕರ್ನಾಟಕದ ಹತ್ತಿ ಹೊಲಗಳಿಗೆ ಮುಂದೆ ಬಂದದ್ದು ಆ ಮಾದರಿಯೇ ಆದ್ದರಿಂದ ಅದನ್ನಿಲ್ಲಿ ವಿವರವಾಗಿ ನೋಡಬೇಕಾಗುತ್ತದೆ.

ಜಾವಾದ ಗದ್ದೆಗಳಲ್ಲಿ

ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆಯನ್ನು ಸಾಧಿಸಿತು. ಅದರ ಬೆನ್ನಿಗೇ, 1985-86ರಲ್ಲಿ, ಜಾವಾ ದ್ವೀಪದ ಭತ್ತಕ್ಕೆ ಅಲ್ಲಿನವರು 'ವೆರೆಂಗ್' ಎನ್ನುವ ಕಂದು ಜಿಗಿಹುಳುವಿನ ಬಾಧೆ ತಗುಲಿತು. 1970ರ ದಶಕದಲ್ಲಿಯೂ ಇದೇ ಹುಳು ಅಪಾರ ಹಾನಿ ಮಾಡಿತ್ತು. ಸರ್ಕಾರವು ಕೀಟನಾಶಕಗಳ ಬೆಲೆಯ ಬಹುಭಾಗವನ್ನು ತಾನೇ ಭರಿಸುತ್ತಿದ್ದುದರಿಂದ ಸಿಂಪರಣೆ ಮಿತಿಮೀರಿತ್ತು. ಸಿಂಪರಣೆಯು ಜಿಗಿಹುಳುವನ್ನು ತಿನ್ನುವ ಜೇಡ ಮೊದಲಾದ ಜೀವಿಗಳನ್ನು ಮೊದಲು ಕೊಲ್ಲುತ್ತದೆ, ಅನಂತರ ಹುಳುವಿನ ಸಂಖ್ಯೆ ತಡೆಯಿಲ್ಲದೆ ಏರುತ್ತದೆ ಎಂಬುದನ್ನು ಪೀಟರ್ ಕೆನ್‌ಮೋರ್ ಮೊದಲಾದವರ ಸಂಶೋಧನೆ ತೋರಿಸಿಕೊಟ್ಟಿತ್ತು. 1986ರ ನವೆಂಬರಿನಲ್ಲಿ ರಾಷ್ಟ್ರಾಧ್ಯಕ್ಷರ ಆದೇಶವೊಂದು ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. 1989ರ ವೇಳೆಗೆ ಸಹಾಯಧನವೂ ನಿಂತಿತು.

ಆದೇಶದಿಂದ ಔಷಧಿ ನಿಲ್ಲಬಹುದು, ಅರಿವು ಹುಟ್ಟುವುದಿಲ್ಲ. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಆರಂಭವಾದ 'ಸೆಕೊಲಾ ಲಪಾಂಗನ್', ಅರ್ಥಾತ್ ಕ್ಷೇತ್ರ ಪಾಠಶಾಲೆ, ಈ ಕೊರತೆಯನ್ನು ತುಂಬಲು ರೂಪುಗೊಂಡಿತು. ಸುಮಾರು 25 ರೈತರು ವಾರಕ್ಕೊಮ್ಮೆ ಬೆಳಗ್ಗೆ ಗದ್ದೆಯ ಬದಿಯಲ್ಲಿ ಸೇರುತ್ತಿದ್ದರು. ಐದೈದು ಜನರ ತಂಡಗಳಾಗಿ ಗದ್ದೆಗಿಳಿದು, ಗೊತ್ತಾದಷ್ಟು ಬುಡಗಳನ್ನು ಪರೀಕ್ಷಿಸಿ, ಹುಳುಗಳನ್ನು ಹಿಡಿದು ತರುತ್ತಿದ್ದರು. ದೊಡ್ಡ ಕಾಗದದ ಮೇಲೆ ಬಣ್ಣದ ಕಡ್ಡಿಗಳಿಂದ ಪೈರಿನ ಚಿತ್ರವನ್ನು ಬರೆದು, ಒಂದು ಕಡೆ ಬೆಳೆಯನ್ನು ತಿನ್ನುವ ಹುಳುಗಳನ್ನೂ ಮತ್ತೊಂದು ಕಡೆ ಆ ಹುಳುಗಳನ್ನು ತಿನ್ನುವ ಜೀವಿಗಳನ್ನೂ ಬಿಡಿಸಿ, ಆ ವಾರ ಏನು ಮಾಡಬೇಕೆಂದು ಎಲ್ಲರ ಮುಂದೆ ವಾದಿಸಿ ತೀರ್ಮಾನಿಸುತ್ತಿದ್ದರು. ಓದುಬರಹವಿಲ್ಲದವರಿಗೂ ಇದರಲ್ಲಿ ಸಮಾನ ಸ್ಥಾನವಿತ್ತು. ಹುಳುವನ್ನು ಹಿಡಿದು 'ಇದೇನು?' ಎಂದು ಕೇಳಿದ ರೈತನಿಗೆ ಶಿಕ್ಷಕನು ನೇರವಾಗಿ ಹೆಸರನ್ನು ಹೇಳುತ್ತಿರಲಿಲ್ಲ. ಎಲ್ಲಿ ಸಿಕ್ಕಿತು, ಏನು ಮಾಡುತ್ತಿತ್ತು ಎಂದು ಮರಳಿ ಪ್ರಶ್ನಿಸುತ್ತಿದ್ದ. ಪಂಜರದಂತಹ ಬಲೆಯೊಳಗೆ ಜೇಡವನ್ನೂ ಜಿಗಿಹುಳುವನ್ನೂ ಬಿಟ್ಟು ಯಾರು ಯಾರನ್ನು ತಿನ್ನುತ್ತಾರೆಂದು ರೈತರೇ ಎಣಿಸುತ್ತಿದ್ದರು. ಎಳೆಯ ಪೈರಿನ ಎಲೆಗಳನ್ನು ಕತ್ತರಿಸಿ, ಬೆಳೆ ಮತ್ತೆ ಚಿಗುರಿಕೊಳ್ಳುವುದನ್ನು ಕಂಡು, ಎಲೆಯಲ್ಲಿ ತೂತು ಕಂಡೊಡನೆ ಔಷಧಿ ಹೊಡೆಯಬೇಕಿಲ್ಲವೆಂದು ಅರಿಯುತ್ತಿದ್ದರು.

ಮುಂದಿನ ಹತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಡೋನೇಷ್ಯಾದ ರೈತರು ಈ ಶಾಲೆಗಳಲ್ಲಿ ಕಲಿತರು. ಗೊತೊಂಗ್ ರೊಯೊಂಗ್ ಎಂಬ ಪರಸ್ಪರ ಸಹಕಾರದ ದುಡಿಮೆ, ಪ್ರಣತ ಮಂಗ್ಸ ಎಂಬ ಕೃಷಿ ಪಂಚಾಂಗ ಇವೆರಡೂ ಜಾವಾದ ಹಳ್ಳಿಗಳಿಗೆ ಹಿಂದಿನಿಂದ ಬಂದವು. ಕನ್ನಡ ನಾಡಿನ ಮುಯ್ಯಿ ಹಾಗೂ ಮಳೆ ನಕ್ಷತ್ರಗಳಿಗೆ ಹತ್ತಿರವಾದ ಈ ಪರಂಪರೆಯುಳ್ಳ ಜನರಿಗೆ, ಸೇರಿ ನೋಡುವ ಮತ್ತು ಸೇರಿ ನಿರ್ಧರಿಸುವ ಕ್ರಮ ಹೊಸತಾಗಿ ಕಂಡಿರಲಾರದು.

ದಖ್ಖನ್ನಿನ ಹತ್ತಿ ಹೊಲಗಳಲ್ಲಿ

1990ರ ದಶಕದಲ್ಲಿ ದಖ್ಖನ್ನಿನ ಹತ್ತಿಯ ಸ್ಥಿತಿ ಜಾವಾದ ಭತ್ತದ ಸ್ಥಿತಿಯನ್ನೇ ಹೋಲುತ್ತಿತ್ತು. ಹಸಿರು ಕಾಯಿಕೊರಕ ಹುಳು ಔಷಧಿಗಳಿಗೆ ನಿರೋಧ ಶಕ್ತಿಯನ್ನು ಬೆಳೆಸಿಕೊಂಡಿತ್ತು. ಸಿಂಪರಣೆ ಹೆಚ್ಚಿದಷ್ಟೂ ಖರ್ಚು ಹೆಚ್ಚುತ್ತಿತ್ತೇ ಹೊರತು ಹುಳು ಕಡಿಮೆಯಾಗುತ್ತಿರಲಿಲ್ಲ. 1997-98ರಲ್ಲಿ ವಾರಂಗಲ್ ಸೀಮೆಯ ಹತ್ತಿ ಬೆಳೆಗಾರರ ಆತ್ಮಹತ್ಯೆಗಳು ದೇಶದ ಗಮನ ಸೆಳೆದವು. ಕರ್ನಾಟಕದಲ್ಲಿಯೂ ಇಂತಹ ಸಾವುಗಳು ಹೆಚ್ಚಿದುದರಿಂದ ಸರ್ಕಾರ ನೇಮಿಸಿದ ಜಿ.ಕೆ. ವೀರೇಶ್ ಸಮಿತಿ 2002ರಲ್ಲಿ ವರದಿಯನ್ನು ಸಲ್ಲಿಸಿತು. ಅಂಗಡಿಯವನೇ ಸಾಲಗಾರ, ಅವನೇ ಔಷಧಿಯ ಸಲಹೆಗಾರ ಎಂಬ ಸ್ಥಿತಿಯಲ್ಲಿ ಸಣ್ಣ ರೈತನಿಗೆ ತನ್ನ ಹೊಲವನ್ನು ತಾನೇ ಓದುವ ಶಕ್ತಿ ಬದುಕುಳಿಯುವ ಶಕ್ತಿಯೇ ಆಗಿತ್ತು.

ಈ ಹಿನ್ನೆಲೆಯಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯು ಐರೋಪ್ಯ ಒಕ್ಕೂಟದ ಧನಸಹಾಯದಿಂದ 1999ರಿಂದ 2004ರವರೆಗೆ ಏಷ್ಯಾದ ಆರು ದೇಶಗಳಲ್ಲಿ ಹತ್ತಿಯ ಸಮಗ್ರ ಕೀಟ ನಿರ್ವಹಣೆಯ ಕಾರ್ಯಕ್ರಮವನ್ನು ನಡೆಸಿತು. ಭಾರತದಲ್ಲಿ ಕರ್ನಾಟಕವೂ ಅದರಲ್ಲಿ ಸೇರಿತ್ತು. ಬೆಂಗಳೂರಿನ ಎ.ಎಂ.ಇ. ಪ್ರತಿಷ್ಠಾನವೂ ರಾಜ್ಯದ ಒಣಭೂಮಿಯ ಬೆಳೆಗಳಿಗೆ ಕ್ಷೇತ್ರ ಪಾಠಶಾಲೆಗಳನ್ನು ಅಳವಡಿಸಿತು. ಜಾವಾದ ಜೇಡದ ಸ್ಥಾನದಲ್ಲಿ ಇಲ್ಲಿ ಗುಲಗಂಜಿ ಹುಳುವನ್ನು ಎಣಿಸಲಾಯಿತು. ಬೇವಿನ ಬೀಜದ ಕಷಾಯ ತಯಾರಿಸುವುದು, ಹೊಲದಲ್ಲಿ ಹಕ್ಕಿ ಕೂರಲು ಕವಲು ಕೋಲುಗಳನ್ನು ನೆಡುವುದು, ಹತ್ತಿಯ ನಡುವೆ ಚೆಂಡುಹೂವಿನ ಸಾಲು ಹಾಕುವುದು ಪಾಠದ ಭಾಗವಾದವು. ಅಕ್ಕಡಿ ಸಾಲಿನ ಅಭ್ಯಾಸವಿದ್ದ ರೈತರಿಗೆ ಮಿಶ್ರ ಸಾಲಿನ ತರ್ಕವನ್ನು ವಿವರಿಸಬೇಕಾದ ಅಗತ್ಯ ಹೆಚ್ಚಿರಲಿಲ್ಲ.

ಹತ್ತಿಯ ಹೊಲದಲ್ಲಿ ಹೆಂಗಸರ ಸ್ಥಾನವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಆಂಧ್ರಪ್ರದೇಶದ ಮೂರು ಗ್ರಾಮಗಳಲ್ಲಿ ಫ್ರಾನ್ಸೆಸ್ಕಾ ಮಂಚಿನಿ ಹಾಗೂ ಸಹಸಂಶೋಧಕರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಮಂದಿ ಮಹಿಳೆಯರು ಒಂದು ಹಂಗಾಮಿನ ಉದ್ದಕ್ಕೂ ತಮ್ಮ ಹಾಗೂ ಮನೆಯ ಗಂಡಸರ ಮೇಲೆ ಕೀಟನಾಶಕದಿಂದಾದ ಪರಿಣಾಮಗಳನ್ನು ವರದಿ ಮಾಡಿದರು. ದಾಖಲಾದ 323 ಸಂದರ್ಭಗಳಲ್ಲಿ ಶೇಕಡ 83.6ರಷ್ಟರಲ್ಲಿ ಅಲ್ಪದಿಂದ ತೀವ್ರದವರೆಗಿನ ವಿಷಬಾಧೆಯ ಲಕ್ಷಣಗಳು ಕಂಡುಬಂದವು. ಸಾಂದ್ರ ಔಷಧಿಯನ್ನು ನೀರಿಗೆ ಬೆರೆಸುವುದು, ಖಾಲಿಯಾದ ಪಂಪಿಗೆ ಮತ್ತೆ ತುಂಬುವುದು ಹೆಂಗಸರ ಕೆಲಸ. ಅದು ಸಿಂಪರಣೆಯಷ್ಟೇ ಅಪಾಯಕಾರಿಯೆಂದು ಸ್ಪಷ್ಟವಾಯಿತು. ಭೂಮಾಲೀಕರಿಗಿಂತ ಕಡಿಮೆ ಆದಾಯದ ಸಣ್ಣ ರೈತರೇ ತೀವ್ರ ಬಾಧೆಗೆ ಹೆಚ್ಚಾಗಿ ಒಳಗಾಗಿದ್ದರು. ಸಹಾಯಕರೆಂದು ಎಣಿಸಲ್ಪಡುತ್ತಿದ್ದ ಹೆಂಗಸರು ಇಲ್ಲಿ ದಾಖಲೆಕಾರರಾದರು. ತಲೆಸುತ್ತು, ಕಣ್ಣುರಿ, ವಾಂತಿ ಎಂದು ಸಹಿಸಿಕೊಂಡು ಬಂದುದು ವಿಷಬಾಧೆಯೆಂಬ ಹೆಸರನ್ನು ಪಡೆದದ್ದು ಈ ಸಾಮೂಹಿಕ ಅವಲೋಕನದಿಂದ.

ಕಲಿಕೆಯು ಹಳೆಯ ವಿದ್ಯೆಯನ್ನು ಮರಳಿ ತಂದ ನಿದರ್ಶನಗಳೂ ಇವೆ. ತೊಗರಿ ಗಿಡವನ್ನು ಅಲುಗಾಡಿಸಿ ಕಾಯಿಕೊರಕದ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿ ನಾಶಪಡಿಸುವ ಕ್ರಮ ಕಲಬುರಗಿ ಹಾಗೂ ನೆರೆಯ ಆಂಧ್ರ ಸೀಮೆಯಲ್ಲಿ ರೂಢಿಯಲ್ಲಿತ್ತು. ಔಷಧಿಗಳು ಬಂದ ಮೇಲೆ ಹಿಂದೆ ಸರಿದ ಈ ಪದ್ಧತಿಯನ್ನು 1990ರ ದಶಕದ ಕೊನೆಯಲ್ಲಿ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಪರೀಕ್ಷಿಸಿ ಪರಿಣಾಮಕಾರಿಯೆಂದು ಕಂಡಿತು. ಬಟ್ಟೆ ಹಿಡಿಯುವವರು, ಗಿಡ ಅಲುಗಿಸುವವರು ಸೇರಿ ಮಾಡಬೇಕಾದ ಇದು ಸ್ವಭಾವತಃ ಗುಂಪಿನ ಕೆಲಸ. ಹಾವೇರಿ ಜಿಲ್ಲೆಯ ರೈತರ ಗುಳಿ ರಾಗಿ ವಿಧಾನವೂ ಹೀಗೆಯೇ. ಚೌಕದಲ್ಲಿ ಗುಳಿ ಮಾಡಿ ಸಸಿ ನೆಟ್ಟು, ಹಗುರವಾದ ಕೊರಡನ್ನು ಎಳೆದು ಪೈರನ್ನು ಬಾಗಿಸಿ ಹೆಚ್ಚು ತೆಂಡೆ ಬರಿಸಿ, ಎಡೆಕುಂಟೆ ಹೊಡೆಯುವ ಈ ಕ್ರಮವು ಇಂದು ಇತರ ಪ್ರದೇಶಗಳ ತರಬೇತಿಗಳಲ್ಲಿ ಪಾಠವಾಗಿದೆ. ಇಲ್ಲಿ ಜ್ಞಾನದ ಹರಿವಿನ ದಿಕ್ಕೇ ಬದಲಾಗಿರುವುದನ್ನು ಕಾಣಬಹುದು.

ಫಲ ಮತ್ತು ಮಿತಿ

ಕ್ಷೇತ್ರ ಪಾಠಶಾಲೆಗಳ ಫಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಫೆಡರ್, ಮುರ್ಗೈ ಹಾಗೂ ಕ್ವಿಜಾನ್ 1991ರಿಂದ 1999ರವರೆಗಿನ ಇಂಡೋನೇಷ್ಯಾದ ಅಂಕಿಅಂಶಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು, ಕಲಿತವರ ಇಳುವರಿಯಲ್ಲಾಗಲಿ ಕೀಟನಾಶಕದ ಬಳಕೆಯಲ್ಲಾಗಲಿ ಗಣನೀಯ ಬದಲಾವಣೆಯನ್ನು ಕಾಣಲಿಲ್ಲ. ಅನೇಕ ದೇಶಗಳ ಅಧ್ಯಯನಗಳನ್ನು ಕ್ರೋಡೀಕರಿಸಿ ವಾಡಿಂಗ್ಟನ್ ಮತ್ತು ವೈಟ್ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಪಾಠಶಾಲೆಯಲ್ಲಿ ಕಲಿತವರ ಇಳುವರಿ ಸರಾಸರಿ ಶೇಕಡ 13ರಷ್ಟು, ನಿವ್ವಳ ಆದಾಯ ಶೇಕಡ 19ರಷ್ಟು ಹೆಚ್ಚಿತ್ತು. ಕೀನ್ಯಾ, ಟಾಂಜಾನಿಯಾ ಹಾಗೂ ಉಗಾಂಡಾಗಳನ್ನು ಕುರಿತ 2012ರ ಅಧ್ಯಯನವು ಆದಾಯದಲ್ಲಿ ಇನ್ನೂ ಹೆಚ್ಚಿನ ಏರಿಕೆಯನ್ನು ಗುರುತಿಸಿತು. ಆದರೆ ಇಂಡೋನೇಷ್ಯಾದ ಅಧ್ಯಯನವೂ 2014ರ ಸಮೀಕ್ಷೆಯೂ ಒಂದು ಅಂಶವನ್ನು ಸಮಾನವಾಗಿ ಹೇಳುತ್ತವೆ. ಕಲಿತ ರೈತನಿಂದ ಕಲಿಯದ ನೆರೆಯವನಿಗೆ ವಿದ್ಯೆ ತಾನಾಗಿ ಹರಿಯಲಿಲ್ಲ.

ಅರ್ಥಶಾಸ್ತ್ರಜ್ಞರಿಗೆ ಇದು ಯೋಜನೆಯ ವೆಚ್ಚವನ್ನೇ ಪ್ರಶ್ನಿಸುವಂತೆ ಮಾಡಿದ ಸಂಗತಿ. ಜಾನಪದದ ದೃಷ್ಟಿಯಿಂದ ಇದು ಅನಿರೀಕ್ಷಿತವಲ್ಲ. ಯಕ್ಷಗಾನದ ಹೆಜ್ಜೆಯನ್ನು ಕಲಿತವನ ಮಾತನ್ನು ಕೇಳಿ ನೆರೆಯವನು ಕುಣಿಯಲಾರ. ತುತ್ತ-ಸುಣ್ಣದ ಹದ ಹರಡಿದುದು ಕೇಳಿಕೆಯಿಂದಲ್ಲ; ಪ್ರತಿ ಮಳೆಗಾಲವೂ ಎಲ್ಲರೆದುರು ಮರುಕಳಿಸಿದ ಕೆಲಸದಿಂದ, ತೋಟದಿಂದ ತೋಟಕ್ಕೆ ಹೋದ ಕುಶಲಿಯಿಂದ. ಕ್ಷೇತ್ರ ಪಾಠಶಾಲೆಯು ಗುಂಪನ್ನು ಕಟ್ಟಿತು, ಆದರೆ ಬಹುಪಾಲು ಕಡೆ ಒಂದೇ ಹಂಗಾಮಿಗೆ ಮುಗಿಯಿತು. ವಾರ್ಷಿಕ ಸಂದರ್ಭವೂ ಗೊತ್ತಾದ ವಾಹಕನೂ ಇಲ್ಲದೆ ಕಲಿಕೆ ಕಲಿತವರಲ್ಲಿಯೇ ನಿಂತಿತು.

ಹತ್ತಿಯ ಮುಂದಿನ ಇತಿಹಾಸವೂ ಈ ಮಾತನ್ನು ಪುಷ್ಟೀಕರಿಸುತ್ತದೆ. 2002ರಲ್ಲಿ ಭಾರತದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲೆ ಹಸಿರು ಕಾಯಿಕೊರಕದ ಹತೋಟಿ ಬೀಜದೊಳಗೇ ಸೇರಿಕೊಂಡಿತು. ಹುಳುವನ್ನು ಎಣಿಸುವ ಅಭ್ಯಾಸಕ್ಕೆ ಸಂದರ್ಭವೇ ಇಲ್ಲವಾಯಿತು. ಮುಂದೆ ಗುಲಾಬಿ ಕಾಯಿಕೊರಕವು ನಿರೋಧ ಶಕ್ತಿಯನ್ನು ಪಡೆದು 2015ರ ಆಸುಪಾಸಿನಲ್ಲಿ ಮತ್ತೆ ಕಾಡತೊಡಗಿದಾಗ, ಹೊಲವನ್ನು ಓದುವ ಪಾಠವನ್ನು ಮೊದಲಿನಿಂದ ಆರಂಭಿಸಬೇಕಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಸಣ್ಣ ಹಿಡುವಳಿದಾರನ ಬದುಕಿನಲ್ಲಿ ಗುಂಪಿನ ಕೈಕಲಿಕೆಯು ಖರ್ಚನ್ನು ತಗ್ಗಿಸಿ, ಬೆಳೆಯನ್ನು ಉಳಿಸಿ, ಆರೋಗ್ಯವನ್ನು ಕಾಯುವ ಸಾಮರ್ಥ್ಯವುಳ್ಳದ್ದು. ಈ ಸಾಮರ್ಥ್ಯ ಸ್ಥಿರವಾಗಲು ಗುಂಪಿನ ಜೊತೆಗೆ ಮರುಕಳಿಸುವ ಸಂದರ್ಭವೂ ಮಾನ್ಯತೆ ಪಡೆದ ವಾಹಕರೂ ಬೇಕು. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಹಳ್ಳಿಯವರನ್ನೇ 'ರೈತ ಅನುವುಗಾರ'ರನ್ನಾಗಿ ನೇಮಿಸಿಕೊಂಡದ್ದು ಈ ದಿಕ್ಕಿನ ಹೆಜ್ಜೆ. ಆದರೆ ಹಂಗಾಮಿನ ಗೌರವಧನವನ್ನು ನಂಬಿದ ಅನುವುಗಾರನು ಯೋಜನೆ ಮುಗಿದೊಡನೆ ಮರೆಯಾಗುವ ಸಂಭವವಿದೆ. ಕೊನೆಗೌಡನನ್ನು ಯಾವ ಯೋಜನೆಯೂ ನೇಮಿಸಿರಲಿಲ್ಲ. ಅವನ ವಿದ್ಯೆಯೇ ಅವನ ಅನ್ನವಾಗಿದ್ದುದರಿಂದ ಅದು ನೂರು ಮಳೆಗಾಲಗಳನ್ನು ದಾಟಿತು.

ಆದುದರಿಂದ ತರಬೇತಿಯ ಯೋಜನೆಗಳನ್ನು ರೂಪಿಸುವವರು ಪಠ್ಯವನ್ನು ಸಿದ್ಧಪಡಿಸುವ ಮೊದಲು ಆಯಾ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ತಿರುಗುವ ಕೈಗಳು ಯಾರವು ಎಂಬುದನ್ನು ಗುರುತಿಸಬೇಕಾಗಿದೆ. ಬೀಜ ಬಿಡುವ ಹೆಂಗಸರು, ಮರವೇರುವವರು, ನಾಟಿಯ ತಂಡಗಳು ಹಾಗೂ ಸಿಂಪರಣೆಯ ಆಳುಗಳಲ್ಲಿ ಬಹುಮಂದಿಗೆ ಸ್ವಂತ ಭೂಮಿಯಿಲ್ಲ. ಭೂಮಿಯ ಪಹಣಿಯನ್ನು ನೋಡಿ ಶಿಬಿರಾರ್ಥಿಗಳನ್ನು ಆರಿಸುವ ಕ್ರಮದಲ್ಲಿ ಇವರು ಪಟ್ಟಿಯ ಹೊರಗೇ ಉಳಿಯುತ್ತಾರೆ. ಇವರ ಕೌಶಲಗಳನ್ನು, ಅವುಗಳಿಗೆ ಸಂಬಂಧಿಸಿದ ಪದಗಳನ್ನು, ಕಲಿತ ಮತ್ತು ಕಲಿಸಿದ ಕ್ರಮಗಳನ್ನು ಜಿಲ್ಲಾವಾರು ದಾಖಲಿಸುವ ಕಾರ್ಯವನ್ನು ಜಾನಪದ ಸಂಸ್ಥೆಗಳೂ ಕೃಷಿ ವಿಶ್ವವಿದ್ಯಾನಿಲಯಗಳೂ ಕೂಡಿ ಕೈಗೊಳ್ಳಬೇಕು. ಮಲೆನಾಡಿನ ಹಿರಿಯ ಕೊನೆಗೌಡರ ತಲೆಮಾರು ಮರವೇರುವುದನ್ನು ಬಿಡುತ್ತಿರುವ ಈ ದಿನಗಳಲ್ಲಿ ಆ ಕಾರ್ಯಕ್ಕೆ ಉಳಿದಿರುವ ಅವಧಿ ದೊಡ್ಡದಲ್ಲ.